ಮನೆಗೆ ಡಿವಿಆರ್ ಕೂರಿಸುವುದು ಹೇಗೆ: ಕಲಬುರಗಿಯ ಬಿಸಿಲು, ದೂಳು, ಕರೆಂಟು ನೋಡಿಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಎಳ್ಳ ಅಮಾವಾಸ್ಯೆಗೆ ಮನೆ ಮಂದಿಯೆಲ್ಲ ಹೊಲಕ್ಕೆ ಹೋಗುತ್ತೇವೆ. ತೊಗರಿ ರಾಶಿ ಇದ್ದರೆ ಕೆಲವರು ವಾರಗಟ್ಟಲೆ ಊರಲ್ಲೇ ಉಳಿಯುತ್ತಾರೆ. ಕಲಬುರಗಿಯ ಮನೆಗೆ ಬೀಗ. ಮೊಬೈಲ್ ತೆಗೆದಾಗ ಗೇಟು, ಅಂಗಳ, ಮೆಟ್ಟಿಲು ಕಂಡರೆ ಸಾಕು, ಎಲ್ಲ ಸರಿ ಇದೆ ಅಂದುಕೊಂಡು ಫೋನ್ ಜೇಬಿಗೆ ಹಾಕುತ್ತೇವೆ.

ಕ್ಯಾಮೆರಾಗಳ ಚಿತ್ರವನ್ನು ರೆಕಾರ್ಡ್ ಮಾಡಿ ಉಳಿಸುವ ಪೆಟ್ಟಿಗೆಯೇ ಡಿವಿಆರ್. ಅದರ ಪರೀಕ್ಷೆ ಲೈವ್‌ನಲ್ಲಿ ಆಗುವುದಿಲ್ಲ. ಅಂಗಳದಲ್ಲಿ ನಿಲ್ಲಿಸಿದ್ದ ಬೈಕ್ ಬೆಳಿಗ್ಗೆ ಕಾಣದಿದ್ದಾಗ ಹಿಂದಿನ ರಾತ್ರಿಗೆ ಹೋಗಿ ನೋಡುತ್ತೇವಲ್ಲ, ಆಗ ಆಗುತ್ತದೆ. ಆ ರಾತ್ರಿಯ ರೆಕಾರ್ಡಿಂಗ್ ಉಳಿದಿರಬೇಕು. ಬಂದವನ ಮುಖ ಗುರುತು ಸಿಗಬೇಕು. ಮೂಲೆಯಲ್ಲಿ ಬರುವ ಟೈಮ್ ಸರಿ ಇರಬೇಕು. ಕೆಳಗೆ ಹೇಳುವ ಪ್ರತಿ ಕೆಲಸವೂ ಈ ಮೂರಕ್ಕಾಗಿ. ಉಳಿದದ್ದೆಲ್ಲ ಅಲಂಕಾರ.

ಡಿವಿಆರೋ, ಎನ್‌ವಿಆರೋ?

ಡಿವಿಆರ್‌ಗೆ ಅನಲಾಗ್ ಎಚ್‌ಡಿ ಕ್ಯಾಮೆರಾ ಬೇಕು. ಕೋಆಕ್ಸಿಯಲ್ ತಂತಿಯಲ್ಲಿ (ಕೇಬಲ್ ಟಿವಿಗೆ ಬರುವಂಥದ್ದು) ಚಿತ್ರ ಬರುತ್ತದೆ, ಕರೆಂಟ್ ಬೇರೆ ತಂತಿಯಲ್ಲಿ ಹೋಗುತ್ತದೆ. ಎನ್‌ವಿಆರ್ ಅದೇ ಕೆಲಸದ ಇನ್ನೊಂದು ಬಗೆಯ ಪೆಟ್ಟಿಗೆ, ಅದಕ್ಕೆ ನೆಟ್‌ವರ್ಕ್ ತಂತಿಯಲ್ಲಿ ಓಡುವ ಐಪಿ ಕ್ಯಾಮೆರಾ ಬೇಕು. ಕ್ಯಾಟ್-6 ಅನ್ನುವ ಒಂದೇ ನೆಟ್‌ವರ್ಕ್ ತಂತಿಯಲ್ಲಿ ಚಿತ್ರವೂ ಕರೆಂಟೂ ಹೋಗುತ್ತವೆ, ಇದಕ್ಕೆ ಪಿಒಇ ಅನ್ನುತ್ತಾರೆ. ತಂತಿ 100 ಮೀಟರ್ ದಾಟಬಾರದು, ಅಷ್ಟೇ.

ನಾಲ್ಕು ಕ್ಯಾಮೆರಾದ ಸಾಮಾನ್ಯ ಮನೆಗೆ ಡಿವಿಆರ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಖರ್ಚು ಕಡಿಮೆ. ಒಂದು ಕ್ಯಾಮೆರಾ ಕೆಟ್ಟರೆ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿಗೆ ಹೋಗಿ ಬೇರೆ ಕಂಪನಿಯದ್ದು ತಂದರೂ ನಡೆಯುತ್ತದೆ, ಏಕೆಂದರೆ ಈಗಿನ ಹೆಚ್ಚಿನ ಡಿವಿಆರ್‌ಗಳು ಟಿವಿಐ, ಸಿವಿಐ, ಎಎಚ್‌ಡಿ ಅನ್ನುವ ಅನಲಾಗ್ ಎಚ್‌ಡಿಯ ಮೂರೂ ಬಗೆಯನ್ನು ತೆಗೆದುಕೊಳ್ಳುತ್ತವೆ. ಹೊಸದಾಗಿ ಮನೆ ಕಟ್ಟಿಸುತ್ತಿದ್ದರೆ ಮಾತ್ರ ಗೋಡೆಯೊಳಗೆ ಈಗಲೇ ಕ್ಯಾಟ್-6 ಎಳೆಸಿ ಇಡಿ. ಬಾಡಿಗೆ ಮನೆಯವರಿಗೆ ಮೆಮೊರಿ ಕಾರ್ಡ್ ಹಾಕುವ ವೈ-ಫೈ ಕ್ಯಾಮೆರಾ ಒಂದೆರಡು ಇದ್ದರೆ ಸಾಕು. ಆದರೆ ಕಳ್ಳ ಕ್ಯಾಮೆರಾ ಕಿತ್ತುಕೊಂಡು ಹೋದರೆ ರೆಕಾರ್ಡಿಂಗೂ ಅದರ ಜೊತೆ ಹೋಯಿತು ಅನ್ನೋದು ನೆನಪಿರಲಿ.

ಕೊಳ್ಳುವಾಗ ಬಾಕ್ಸ್ ಮೇಲಿನ ಸಣ್ಣ ಅಕ್ಷರ ಓದಿ. "1080ಪಿ ಲೈಟ್" ಅಥವಾ "1080ಎನ್" ಅಂತ ಇದ್ದರೆ ಆ ಡಿವಿಆರ್ ಉಳಿಸುವ ಚಿತ್ರ 960×1080 ಮಾತ್ರ. ಪೂರ್ತಿ 1080ಪಿ ಅಂದರೆ 1920×1080. ನೀವು ಎಂಥ ಒಳ್ಳೆ 2 ಮೆಗಾಪಿಕ್ಸೆಲ್ ಕ್ಯಾಮೆರಾ ತಂದರೂ ಲೈಟ್ ಡಿವಿಆರ್ ಅದರ ಅಗಲ ಅರ್ಧಕ್ಕೆ ಇಳಿಸಿಬಿಡುತ್ತದೆ. ಅಂಗಡಿಯಲ್ಲಿ ಟಿವಿ ಮೇಲೆ ಲೈವ್ ತೋರಿಸುವಾಗ ಇದು ಗೊತ್ತೇ ಆಗುವುದಿಲ್ಲ. "ರೆಕಾರ್ಡಿಂಗ್ ಪೂರ್ತಿ 1080ಪಿನೇ ಆಗ್ತದೇನ್ರೀ?" ಅಂತ ನೇರ ಕೇಳಿ. ಹಾಗೆಯೇ ವಿಡಿಯೊವನ್ನು ಕಡಿಮೆ ಜಾಗದಲ್ಲಿ ಉಳಿಸುವ ಎಚ್.265 ಇದೆಯಾ, ಇಂಟರ್‌ನೆಟ್ ತಂತಿ ಹಾಕುವ ಪೋರ್ಟ್ ಇದೆಯಾ ನೋಡಿ. ಕ್ಯಾಮೆರಾ ಬಾಕ್ಸ್ ಮೇಲೆ ಬಿಐಎಸ್ ಗುರುತು ಇರಲಿ. 2025ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆಯೂ ಕಡ್ಡಾಯವಾಗಿದೆ. ಹಳೇ ಸ್ಟಾಕ್ ಅಗ್ಗಕ್ಕೆ ಕೊಟ್ಟರೆ ಯಾಕೆ ಅಂತ ಒಮ್ಮೆ ಯೋಚಿಸಿ.

ನಾಲ್ಕು ಕ್ಯಾಮೆರಾ ಹಾಕುವವರು ಎಂಟು ಚಾನೆಲ್ ಡಿವಿಆರ್, ಅಂದರೆ ಎಂಟು ಕ್ಯಾಮೆರಾ ಸಿಕ್ಕಿಸಬಹುದಾದದ್ದು, ತೊಗೊಳ್ಳುವುದು ವಾಸಿ. ಮುಂದೆ ಮಾಳಿಗೆ ಮೇಲೆ ಒಂದು, ಹಿತ್ತಲಿಗೆ ಒಂದು ಬೇಕು ಅನಿಸಿಯೇ ಅನಿಸುತ್ತದೆ.

ಕ್ಯಾಮೆರಾ ಎಲ್ಲಿ, ಎಷ್ಟು ಎತ್ತರ

ಡ್ರಿಲ್ ಹಿಡಿಯುವ ಮುಂಚೆ ಕಾಗದದ ಮೇಲೆ ಮನೆಯ ನಕ್ಷೆ ಗೀಚಿಕೊಳ್ಳಿ. ಒಳಗೆ ಬರಲು ಎಷ್ಟು ದಾರಿ ಇವೆ ಎಣಿಸಿ. ಗೇಟು, ಮುಂಬಾಗಿಲು, ಹಿತ್ತಲ ಬಾಗಿಲು, ಪಕ್ಕದ ಮನೆಯ ಮಾಳಿಗೆ. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೇ ಓಣಿಗಳಲ್ಲಿ ಮಾಳಿಗೆಗೆ ಮಾಳಿಗೆ ಅಂಟಿಕೊಂಡೇ ಇರುತ್ತವೆ. ಅಂಥಲ್ಲಿ ಮೇಲಿಂದ ಇಳಿಯುವ ಮೆಟ್ಟಿಲಿಗೆ ಒಂದು ಕ್ಯಾಮೆರಾ ಬೇಕೇ ಬೇಕು.

ಇನ್ನು ಲೆನ್ಸ್. ಒಂದೇ ಕ್ಯಾಮೆರಾದಲ್ಲಿ ರಸ್ತೆಯೂ ಗೇಟೂ ಅಂಗಳವೂ ಬರಬೇಕು ಅಂತ ಎಲ್ಲರೂ 2.8 ಎಂಎಂ ಲೆನ್ಸ್ ಹಾಕಿಸುತ್ತಾರೆ. ಅದು ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. ನೋಡೋಕೆ ಚೆಂದ, ಆದರೆ ಮುಖ ಸಣ್ಣದಾಗಿಬಿಡುತ್ತದೆ. ಐಇಸಿ 62676-4 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಪರಿಚಿತನ ಗುರುತು ಹಿಡಿಯಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅಷ್ಟು ಸಿಗಬೇಕಾದರೆ ದೃಶ್ಯದ ಅಗಲ 7.7 ಮೀಟರ್ ದಾಟಬಾರದು. 2.8 ಎಂಎಂ ಲೆನ್ಸ್‌ನಲ್ಲಿ ಅದು ಬರೀ 10 ಅಡಿ ದೂರದವರೆಗೆ. 3.6 ಎಂಎಂ ಆದರೆ ಸುಮಾರು 15 ಅಡಿ. 6 ಎಂಎಂ ಆದರೆ 25 ಅಡಿಯ ಮೇಲೆ. ಅದೂ ಬೆಳಕು ಚೆನ್ನಾಗಿದ್ದಾಗಿನ ಮಾತು. ಲೈಟ್ ಡಿವಿಆರ್ ಇದ್ದರೆ ಈ ಎಲ್ಲ ದೂರವೂ ಅರ್ಧ.

ಆದ್ದರಿಂದ ಕೆಲಸ ಹಂಚಿಬಿಡಿ. ಅಂಗಳ ಪೂರ್ತಿ ಕಾಣಲು ಒಂದು 2.8. ಗೇಟಿನಲ್ಲಿ ನಿಂತವನ ಮುಖಕ್ಕೆ ಒಂದು 6. ಮುಂಬಾಗಿಲಿಗೆ 3.6. ಒಂದರಲ್ಲೇ ಎರಡೂ ಆಗಲಿ ಅಂದರೆ ಎರಡೂ ಆಗುವುದಿಲ್ಲ.

ಎತ್ತರ 8ರಿಂದ 10 ಅಡಿ. ಕೈಗೆ ಸಿಗಬಾರದು ಅಂತ ಎರಡನೇ ಮಹಡಿಗೆ ಹಾಕಿದರೆ ಟೋಪಿ, ಟವೆಲ್, ತಲೆಗೂದಲು ಬಿಟ್ಟು ಏನೂ ಕಾಣುವುದಿಲ್ಲ. ಪೂರ್ವ, ಪಶ್ಚಿಮಕ್ಕೆ ನೇರ ಮುಖ ಮಾಡಬೇಡಿ, ಸೂರ್ಯ ಎದುರಿಗೆ ಬಂದಾಗ ಮನುಷ್ಯ ಕಪ್ಪು ನೆರಳಾಗುತ್ತಾನೆ. ಬೇರೆ ದಾರಿ ಇಲ್ಲದಿದ್ದರೆ ಡಬ್ಲ್ಯೂಡಿಆರ್ (ಎದುರು ಬೆಳಕಿದ್ದರೂ ಮುಖ ಕಾಣಿಸುವ ಸೌಲಭ್ಯ) ಇರುವ ಕ್ಯಾಮೆರಾ ತೊಗೊಳ್ಳಿ, ಛಜ್ಜಾದ ನೆರಳಿನಲ್ಲಿ ಕೂರಿಸಿ.

ಹೊರಗಡೆಗೆ ಉದ್ದನೆ ಕೊಳವೆಯಂಥ ಬುಲೆಟ್ ಕ್ಯಾಮೆರಾ ಇರಲಿ, ಪಾರದರ್ಶಕ ಬುರುಡೆಯ ಡೋಮ್ ಬೇಡ. ನಮ್ಮ ಕಡೆಯ ದೂಳು ಆ ಬುರುಡೆ ಮೇಲೆ ಕೂತರೆ ಹಗಲು ಪರವಾಗಿಲ್ಲ. ರಾತ್ರಿ ಕ್ಯಾಮೆರಾದ್ದೇ ಐಆರ್ (ಅತಿಗೆಂಪು) ಬೆಳಕು ಆ ದೂಳಿಗೆ ಬಡಿದು ವಾಪಸ್ ಬರುತ್ತದೆ. ಮಂಜು ಕವಿದಂತೆ ಚಿತ್ರ ಪೂರ್ತಿ ಬೆಳ್ಳಗೆ. ಒಳಗಿನ ಪಡಸಾಲೆಗೆ ಡೋಮ್ ನಡೆಯುತ್ತದೆ.

ಹಾರ್ಡ್ ಡಿಸ್ಕ್: ಎಷ್ಟು ದಿನ ಉಳಿಯಬೇಕು?

ಲೆಕ್ಕ ಸುಲಭ. ಒಂದು ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್ ಬರೆದರೆ ದಿನಕ್ಕೆ 10.8 ಜಿಬಿ ಆಗುತ್ತದೆ. ಎಚ್.265ನಲ್ಲಿ 2 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ 1536 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಸುಮಾರು ಒಂದೂವರೆ ಮೆಗಾಬಿಟ್ ಕೊಟ್ಟರೆ ದಿನಕ್ಕೆ ಸುಮಾರು 16.6 ಜಿಬಿ. ನಾಲ್ಕಕ್ಕೆ 66 ಜಿಬಿ. ಅಂದರೆ 1 ಟಿಬಿ ಡಿಸ್ಕ್ 15 ದಿನಕ್ಕೆ ತುಂಬುತ್ತದೆ, 2 ಟಿಬಿ ಒಂದು ತಿಂಗಳಿಗೆ. ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ.

ರಾಶಿಗೆ ಅಂತ ಹದಿನೈದು ದಿನ ಊರಿಗೆ ಹೋಗುವವರಿಗೆ 1 ಟಿಬಿ ಅಂಚಿನ ಮೇಲೆ ಇರುತ್ತದೆ. ಹೋದ ಮರುದಿನವೇ ಕಳ್ಳತನ ಆಗಿದ್ದರೆ ನೀವು ವಾಪಸ್ ಬರುವಷ್ಟರಲ್ಲಿ ಆ ರಾತ್ರಿ ಅಳಿಸಿ ಹೋಗಿರಬಹುದು. ನನ್ನ ಸಲಹೆ 2 ಟಿಬಿ.

ಡಿಸ್ಕ್ ಸಿಸಿಟಿವಿಗೆಂದೇ ಮಾಡಿದ್ದಾಗಿರಲಿ. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್, ತೋಷಿಬಾ ಎಸ್300 ಈ ಜಾತಿಯವು. ಹಗಲು ರಾತ್ರಿ ಬಿಡದೆ ಬರೆಯುವ ಕೆಲಸಕ್ಕೇ ಇವನ್ನು ಮಾಡಿರುತ್ತಾರೆ. ಮನೆಯಲ್ಲಿ ಬಿದ್ದಿರುವ ಹಳೇ ಕಂಪ್ಯೂಟರ್ ಡಿಸ್ಕ್ ಹಾಕಿದರೂ ಡಿವಿಆರ್ ಓಡುತ್ತದೆ, ನಿಜ. ಅದು ಯಾವಾಗ ಕೈಕೊಡುತ್ತದೆ ಅಂತ ಹೇಳಲು ಆಗುವುದಿಲ್ಲ. ಲೈವ್ ಮಾತ್ರ ಆಗಲೂ ಚೆನ್ನಾಗೇ ಕಾಣುತ್ತಿರುತ್ತದೆ, ಅದೇ ಮೋಸ.

ಡಿವಿಆರ್ ಎಲ್ಲಿಡಬೇಕು

ಎರಡು ವಿರುದ್ಧದ ಬೇಡಿಕೆ ಇಲ್ಲಿ. ಕಳ್ಳನ ಕಣ್ಣಿಗೆ ಬೀಳಬಾರದು, ಗಾಳಿಯೂ ಆಡಬೇಕು. ಟಿವಿ ಕೆಳಗೆ ಇಟ್ಟರೆ ಮೊದಲು ಅದನ್ನೇ ಎತ್ತಿಕೊಂಡು ಹೋಗುತ್ತಾರೆ. ತಿಜೋರಿ ಇರುವ ರೂಮೂ ಬೇಡ, ಅಲ್ಲಿಗೆ ಅವರು ಬಂದೇ ಬರುತ್ತಾರೆ. ಹಾಗಂತ ಮುಚ್ಚಿದ ಕಪಾಟಿನೊಳಗೆ ಬಟ್ಟೆ ಹಿಂದೆ ಅಡಗಿಸಿದರೆ ಡಿಸ್ಕ್ ಬೇಯುತ್ತದೆ. ಸಿಸಿಟಿವಿ ಡಿಸ್ಕ್‌ಗಳ ತಾಪಮಾನದ ಮಿತಿ 65ರಿಂದ 70 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ಹೊರಗಿನ ಬಿಸಿಲೇ 42, 43 ಮುಟ್ಟುತ್ತದೆ. ಗಾಳಿ ಇಲ್ಲದ ಕಪಾಟಿನಲ್ಲಿ ಡಿಸ್ಕ್ ತನ್ನದೇ ಶಾಖ ಸೇರಿಸಿಕೊಂಡರೆ ಮಿತಿ ದೂರ ಉಳಿಯುವುದಿಲ್ಲ.

ಕೆಳಗಿನ ಮಹಡಿಯ ಒಳರೂಮಿನ ಅಟ್ಟ ಒಳ್ಳೆಯ ಜಾಗ. ಕಾಯುವ ಮಾಳಿಗೆಗೆ ನೇರ ತಾಗಿದ ಅಟ್ಟ ಬೇಡ. ಜಾಲರಿ ಇರುವ ಬೀಗದ ಪೆಟ್ಟಿಗೆ ಸಿಗುತ್ತದೆ, ಅದನ್ನು ಗೋಡೆಗೆ ಬೋಲ್ಟ್ ಹಾಕಿ. ಡಿವಿಆರ್‌ನ ಸುತ್ತ ನಾಲ್ಕು ಬೆರಳಿನಷ್ಟು ಜಾಗ ಬಿಡಿ, ಮೇಲೆ ರೌಟರ್ ಇಡಬೇಡಿ. ಇನ್ನೊಂದು ಉಪಾಯ ಇದೆ. ಹಳೇ ಕೆಟ್ಟ ಡಿವಿಆರ್ ಇದ್ದರೆ ಟಿವಿ ಕೆಳಗೆ ಅದನ್ನು ಸುಮ್ನೆ ಕಾಣುವಂತೆ ಇಟ್ಟುಬಿಡಿ!

ಕೇಬಲ್ ಎಳೆಯುವುದು

ಅಂಗಡಿಯಲ್ಲಿ "ತ್ರೀ ಪ್ಲಸ್ ಒನ್" ಕೇಬಲ್ ಅಂತ ಕೇಳಿ. ಒಂದು ಕೋಆಕ್ಸಿಯಲ್, ಕರೆಂಟಿಗೆ ಮೂರು ತಂತಿ, ಎಲ್ಲ ಒಂದೇ ಕವಚದಲ್ಲಿ. ಪೂರ್ತಿ ತಾಮ್ರದ್ದು ತೊಗೊಳ್ಳಿ. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ಬಣ್ಣ ಇರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ಪ್ರತಿ ಕ್ಯಾಮೆರಾದಿಂದ ಡಿವಿಆರ್‌ವರೆಗೆ ಒಂದೇ ತುಂಡು ಎಳೆಯಿರಿ, ನಡುವೆ ಗಂಟು ಬೇಡ. ಎರಡೂ ತುದಿಗೆ ನಂಬರ್ ಬರೆದು ಟೇಪ್ ಸುತ್ತಿ.

230 ವೋಲ್ಟ್ ವೈರಿಂಗ್ ಇರುವ ಪೈಪಿನಲ್ಲಿ ಇದನ್ನು ತೂರಿಸಬೇಡಿ. ಒಂದು ಅಡಿ ದೂರದಲ್ಲಿ ಬೇರೆ ಪಿವಿಸಿ ಪೈಪ್ ಹಾಕಿ. ಇಲ್ಲದಿದ್ದರೆ ಪರದೆಯ ಮೇಲೆ ಅಡ್ಡಗೆರೆಗಳು ಮೇಲಿಂದ ಕೆಳಗೆ ಉರುಳುತ್ತಿರುತ್ತವೆ. ಬಿಸಿಲಿಗೆ ಬಿದ್ದ ಕೇಬಲ್‌ನ ಕವಚ ಕೆಲವೇ ವರ್ಷದಲ್ಲಿ ಬಿರುಕು ಬಿಡುತ್ತದೆ, ಅದಕ್ಕೂ ಪೈಪೇ ಔಷಧ.

ಹಳೇ ಕಲ್ಲಿನ ಗೋಡೆಗೆ ಉದ್ದನೆಯ ಬಿಟ್ ಬೇಕು. ರಂಧ್ರ ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ, ಮಳೆ ನೀರು ಒಳಗೆ ಬರಬಾರದು. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಒಂದು ಗೇಣು ಕೆಳಗೆ ಇಳಿದು ಮತ್ತೆ ಮೇಲೆ ಬರುವಂತೆ ಬಳಸಿ, ನೀರು ಆ ಬಳಕಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಛಜ್ಜಾಕ್ಕೆ ಶಹಾಬಾದಿ ಫರಸಿ ಹಾಕಿದ್ದರೆ ಅದರ ಅಂಚಿನಲ್ಲಿ ಹ್ಯಾಮರ್ ಮೋಡ್ ಬಳಸಬೇಡಿ. ಪದರು ಪದರಾದ ಕಲ್ಲು, ಚೂರು ಎದ್ದು ಬರುತ್ತದೆ. ಕೆಳಗಿನ ಗೋಡೆಗೇ ಕ್ಯಾಮೆರಾ ಹಾಕುವುದು ಒಳ್ಳೆಯದು. ಕ್ಯಾಮೆರಾದ ಹಿಂದೆ ಒಂದು ಪಿವಿಸಿ ಬಾಕ್ಸ್ ಕೂರಿಸಿ, ಜೋಡಣೆಗಳೆಲ್ಲ ಅದರೊಳಗೆ ಇರಲಿ.

ಬಿಎನ್‌ಸಿ ಕಟ್ಟುವುದು

ಬಿಎನ್‌ಸಿ ಅಂದರೆ ಕೋಆಕ್ಸಿಯಲ್ ತಂತಿಯ ತುದಿಗೆ ಹಾಕುವ ಪಿನ್. ಬಹಳಷ್ಟು ತೊಂದರೆ ಇಲ್ಲೇ ಇರುತ್ತವೆ, ಹಾಗಾಗಿ ನಿಧಾನ. ಸ್ಕ್ರೂ ಇರುವ ಬಿಎನ್‌ಸಿ ತೆಗೆದುಕೊಂಡಿದ್ದೀರಿ ಅಂದುಕೊಳ್ಳೋಣ. ಮೊದಲು ಅದರ ಹಿಂದಿನ ಮುಚ್ಚಳವನ್ನು ಕೇಬಲ್‌ಗೆ ತೂರಿಸಿ. ಎಲ್ಲ ಕಟ್ಟಿದ ಮೇಲೆ ಮುಚ್ಚಳ ಕೈಯಲ್ಲೇ ಉಳಿಯುವುದು ಈ ಕೆಲಸದ ಹಳೇ ತಮಾಷೆ.

ಕೋಆಕ್ಸಿಯಲ್‌ನ ಹೊರಕವಚ ಒಂದು ಇಂಚು ಸುಲಿಯಿರಿ. ಬ್ಲೇಡ್ ಒತ್ತಬೇಡಿ, ಸುತ್ತ ಗೀರಿ ಎಳೆದರೆ ಬರುತ್ತದೆ. ಒಳಗೆ ಕೂದಲೆಳೆಯಂಥ ಜಾಲರಿ ತಂತಿ ಕಾಣುತ್ತದೆ. ಅದನ್ನೆಲ್ಲ ಹಿಂದಕ್ಕೆ ಬಾಚಿ ಒಂದು ಕಡೆ ಹೊಸೆಯಿರಿ. ಈಗ ಬಿಳಿ ಪದರ. ಅದರ ತುದಿಯಲ್ಲಿ ಅರ್ಧ ಸೆಂಟಿಮೀಟರ್ ಮಾತ್ರ ಸುಲಿದರೆ ನಡುವಿನ ತಾಮ್ರ ಬರುತ್ತದೆ. ಆ ತಾಮ್ರವನ್ನು ಸಣ್ಣ ಸ್ಕ್ರೂ ಕೆಳಗೆ ಸೇರಿಸಿ ಬಿಗಿ ಮಾಡಿ. ಹೊಸೆದ ಜಾಲರಿಯನ್ನು ಬಿಎನ್‌ಸಿಯ ಬಾಲದ ಕೆಳಗೆ ಇಟ್ಟು ಪಕ್ಕಡದಿಂದ ಅಮುಕಿ. ಈಗ ಬೆಳಕಿಗೆ ಹಿಡಿದು ನೋಡಿ. ಜಾಲರಿಯ ಒಂದೇ ಒಂದು ಎಳೆ ನಡುವಿನ ತಾಮ್ರಕ್ಕೆ ತಾಗಿದ್ದರೂ ಪರದೆ ಮೇಲೆ "ವಿಡಿಯೊ ಲಾಸ್". ಕೈಯಿಂದ ಎಳೆದು ನೋಡಿ, ಅಲುಗಾಡಿದರೆ ಮತ್ತೆ ಕಟ್ಟಿ.

ಕರೆಂಟಿನ ಡಿಸಿ ಪಿನ್‌ನಲ್ಲಿ ಕೆಂಪು ಪ್ಲಸ್, ಕಪ್ಪು ಮೈನಸ್. ಅದಲು ಬದಲಾದರೆ ಕ್ಯಾಮೆರಾ ಸುಡಬಹುದು, ಮೀಟರ್ ಹಚ್ಚಿ ನೋಡಿಯೇ ಸಿಕ್ಕಿಸಿ.

ಕರೆಂಟು

ಕ್ಯಾಮೆರಾಗಳಿಗೆ 12 ವೋಲ್ಟ್ ಎಸ್‌ಎಂಪಿಎಸ್ ಬೇಕು, ಮನೆಯ ಕರೆಂಟನ್ನು 12 ವೋಲ್ಟ್‌ಗೆ ಇಳಿಸುವ ಪೆಟ್ಟಿಗೆ ಅದು. ನಾಲ್ಕಕ್ಕೆ 5 ಆಂಪಿಯರ್, ಎಂಟಕ್ಕೆ 10. ಅದರ ಒಂದು ಕಡೆ 230 ವೋಲ್ಟ್ ಬರುತ್ತದೆ. ಮೇನ್ ಆಫ್ ಮಾಡದೆ ಅದರ ಮುಚ್ಚಳಕ್ಕೆ ಕೈ ಹಾಕಬೇಡಿ. ವೈರಿಂಗ್ ಗೊತ್ತಿಲ್ಲದಿದ್ದರೆ ಈ ಒಂದು ಕೆಲಸಕ್ಕಾದರೂ ಎಲೆಕ್ಟ್ರಿಷಿಯನ್ ಕರೆಯಿರಿ.

ಒಂದು ಲಕ್ಷಣ ನೆನಪಿಡಿ. ಹಗಲೆಲ್ಲ ಸರಿಯಾಗಿರುವ ಕ್ಯಾಮೆರಾ ಕತ್ತಲಾದ ಕೂಡಲೇ ಕಪ್ಪಾದರೆ, ಮಿಣುಕಿದರೆ, ಕ್ಯಾಮೆರಾ ಕೆಟ್ಟಿರಲಿಕ್ಕಿಲ್ಲ. ರಾತ್ರಿ ಐಆರ್ ದೀಪ ಹತ್ತಿದಾಗ ಅದು ಜಾಸ್ತಿ ಕರೆಂಟ್ ಎಳೆಯುತ್ತದೆ. ಉದ್ದದ ತೆಳು ತಂತಿಯಲ್ಲಿ ವೋಲ್ಟೇಜ್ ಬೀಳುತ್ತದೆ. ಕ್ಯಾಮೆರಾ ತುದಿಯಲ್ಲಿ ರಾತ್ರಿ ಮೀಟರ್ ಹಚ್ಚಿ. 11ಕ್ಕಿಂತ ಕೆಳಗೆ ಇದ್ದರೆ ಕೇಬಲ್‌ನ ಮೂರನೇ ತಂತಿಯನ್ನೂ ಪ್ಲಸ್‌ಗೆ ಜೋಡಿಸಿ, ಇಲ್ಲವೇ ಆ ಕ್ಯಾಮೆರಾಕ್ಕೆ ಹತ್ತಿರದಲ್ಲೇ ಬೇರೆ ಅಡಾಪ್ಟರ್ ಕೊಡಿ.

ಡಿವಿಆರ್, ಕ್ಯಾಮೆರಾದ ಎಸ್‌ಎಂಪಿಎಸ್, ರೌಟರ್ ಮೂರೂ ಇನ್ವರ್ಟರ್ ಲೈನಿನಲ್ಲಿರಬೇಕು. ಡಿವಿಆರ್ ಒಂದಕ್ಕೇ ಕೊಟ್ಟರೆ ಕರೆಂಟ್ ಹೋದಾಗ ಖಾಲಿ ಪರದೆಯನ್ನೇ ಶ್ರದ್ಧೆಯಿಂದ ರೆಕಾರ್ಡ್ ಮಾಡುತ್ತದೆ. ಎಲ್ಲ ಸೇರಿ 50 ವ್ಯಾಟ್ ಆಸುಪಾಸು, ಒಂದು ಹಳೇ ಫ್ಯಾನಿಗಿಂತ ಕಡಿಮೆ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ. ಇಲ್ಲದಿದ್ದರೆ ಕರೆಂಟ್ ಬದಲಾಗುವ ಆ ಕ್ಷಣದಲ್ಲಿ ಡಿವಿಆರ್ ರೀಸ್ಟಾರ್ಟ್ ಆಗುತ್ತದೆ, ಒಂದೆರಡು ನಿಮಿಷದ ರೆಕಾರ್ಡಿಂಗ್ ಹೋಗುತ್ತದೆ. ಮೇಲಿಂದ ಮೇಲೆ ಹೀಗಾದರೆ ಡಿಸ್ಕಿಗೂ ಒಳ್ಳೆಯದಲ್ಲ.

ಏಪ್ರಿಲ್, ಮೇನಲ್ಲಿ ಗುಡುಗು ಮಿಂಚಿನ ಮಳೆ ಬರುತ್ತದಲ್ಲ, ಅದಕ್ಕೆ ಅರ್ಥಿಂಗ್ ಸರಿ ಇರುವ ಮೂರು ಪಿನ್ನಿನ ಪ್ಲಗ್ಗು ಮತ್ತು ಸರ್ಜ್ ಪ್ರೊಟೆಕ್ಟರ್ ಇರಲಿ. ಮಾಳಿಗೆ ಮೇಲಿನ ಕ್ಯಾಮೆರಾದ ತಂತಿ ಕಬ್ಬಿಣದ ಕಂಬದ ತುದಿಯವರೆಗೆ ಹೋಗಬಾರದು.

ಡಿಸ್ಕ್ ಕೂರಿಸಿ ಚಾಲೂ ಮಾಡುವುದು

ಪ್ಲಗ್ ತೆಗೆದಿರಲಿ. ಮುಚ್ಚಳದ ಸ್ಕ್ರೂ ಬಿಚ್ಚಿ, ಡಿಸ್ಕನ್ನು ಒಳಗಿಟ್ಟು ಕೆಳಗಿನಿಂದ ನಾಲ್ಕು ಸ್ಕ್ರೂ ಹಾಕಿ. ಎರಡು ಕೇಬಲ್ ಇರುತ್ತವೆ, ಅಗಲದ್ದು ಕರೆಂಟಿಗೆ, ಸಣ್ಣದು ಡೇಟಾಗೆ. ಉಲ್ಟಾ ಕೂರುವುದೇ ಇಲ್ಲ, ಒತ್ತಾಯ ಮಾಡಬೇಡಿ. ಮುಚ್ಚಳ ಹಾಕಿ, ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಜೋಡಿಸಿ, ಜೊತೆಗೆ ಬಂದ ಮೌಸ್ ಸಿಕ್ಕಿಸಿ, ಆನ್ ಮಾಡಿ. ಬೀಪ್ ಬೀಪ್ ಅಂತ ನಿಲ್ಲದೆ ಕೂಗಿದರೆ ಸಾಮಾನ್ಯವಾಗಿ ಡಿಸ್ಕ್ ಸಿಕ್ಕಿಲ್ಲ ಅಂತ ಅರ್ಥ. ಮೆನುವಿನ ಸ್ಟೋರೇಜ್‌ಗೆ ಹೋಗಿ ಫಾರ್ಮ್ಯಾಟ್ ಮಾಡಿ. "ಓವರ್‌ರೈಟ್" ಆನ್ ಇರಲಿ, ಇಲ್ಲದಿದ್ದರೆ ಡಿಸ್ಕ್ ತುಂಬಿದ ದಿನ ರೆಕಾರ್ಡಿಂಗ್ ನಿಲ್ಲುತ್ತದೆ.

ಆನ್ ಮಾಡಿದಾಗ ಡಿವಿಆರ್ ಕೇಳುವ ಮೊದಲ ಪ್ರಶ್ನೆಯೇ ಪಾಸ್‌ವರ್ಡ್. ಹುಟ್ಟಿದ ತಾರೀಖು, ಗಾಡಿ ನಂಬರ್ ಬೇಡ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಲಕ್ಷಾಂತರ ಡಿವಿಆರ್, ಕ್ಯಾಮೆರಾಗಳನ್ನು ಹಿಡಿದದ್ದು ಕಂಪನಿ ಕೊಟ್ಟ ಪಾಸ್‌ವರ್ಡ್ ಯಾರೂ ಬದಲಿಸಿರಲಿಲ್ಲ ಅಂತಲೇ. ಕೂರಿಸಲು ಬಂದ ಹುಡುಗ ಪಾಸ್‌ವರ್ಡ್ ಹಾಕಿದ್ದರೆ ಅವನು ಹೋದ ಮೇಲೆ ನೀವು ಬದಲಿಸಿ. "ನಾ ನೆನಪ್ ಇಟ್ಕೋತೀನ್ರಿ ಕಾಕಾ" ಅಂತ ಅವನು ಪ್ರೀತಿಯಿಂದಲೇ ಹೇಳಿದ್ದರೂ! ಪಾಸ್‌ವರ್ಡ್ ಮರೆತಾಗ ಬೇಕಾಗುವ ಇ-ಮೇಲ್ ನಿಮ್ಮದೇ ಹಾಕಿ. ಮನೆಯ ಮಿಕ್ಕವರಿಗೆ ನೋಡಲು ಮಾತ್ರ ಬರುವ ಬೇರೆ ಯೂಸರ್ ಮಾಡಿಕೊಡಿ.

ಟೈಮ್ ಮತ್ತು ರೆಕಾರ್ಡಿಂಗ್ ಸೆಟ್ಟಿಂಗ್

ಟೈಮ್ ಝೋನ್ ಜಿಎಂಟಿ +5:30. ಡೇಲೈಟ್ ಸೇವಿಂಗ್ ಆಫ್, ನಮ್ಮ ದೇಶದಲ್ಲಿ ಅದು ಇಲ್ಲ. ತಾರೀಖು ದಿನ-ತಿಂಗಳು-ವರ್ಷದ ಕ್ರಮದಲ್ಲಿರಲಿ. ಎನ್‌ಟಿಪಿ ಆನ್ ಮಾಡಿದರೆ ಇಂಟರ್‌ನೆಟ್‌ನಿಂದ ಟೈಮ್ ತಾನೇ ಸರಿಯಾಗುತ್ತದೆ. ಹಳೇ ಡಿವಿಆರ್‌ನ ಟೈಮ್ ಪ್ರತಿ ಸಲ ಕರೆಂಟ್ ಹೋದಾಗ ಹಿಂದಿನ ಯಾವುದೋ ವರ್ಷಕ್ಕೆ ಹೋಗಿ ಕೂರುತ್ತಿದ್ದರೆ ಒಳಗಿನ ಬಟನ್ ಸೆಲ್ ಮುಗಿದಿದೆ. ಹೆಚ್ಚಿನವುಗಳಲ್ಲಿ ಸಿಆರ್2032 ಇರುತ್ತದೆ, ಗಡಿಯಾರದ ಅಂಗಡಿಯಲ್ಲೇ ಸಿಗುತ್ತದೆ. ಟೈಮ್ ತಪ್ಪಿದ ರೆಕಾರ್ಡಿಂಗ್ ಹುಡುಕಲೂ ಕಷ್ಟ, ನಂಬಿಸಲೂ ಕಷ್ಟ.

ಎನ್‌ಕೋಡ್ ಮೆನುವಿನಲ್ಲಿ ಎಚ್.265, 1080ಪಿ, ಸೆಕೆಂಡಿಗೆ 15 ಫ್ರೇಮ್, 1536 ಕೆಬಿಪಿಎಸ್ ಕೊಡಿ. ಮನೆಗೆ 25 ಫ್ರೇಮ್ ಬೇಕಿಲ್ಲ. ಗೇಟಿನ ಮುಖದ ಕ್ಯಾಮೆರಾಕ್ಕೆ ಮಾತ್ರ 2048 ಕೊಟ್ಟರೆ ಓಡುವವನ ಮುಖ ಕಡಿಮೆ ಕಲಸುತ್ತದೆ. ಪ್ರತಿ ಚಾನೆಲ್‌ಗೆ ಹೆಸರು ಕೊಡಿ, "ಕ್ಯಾಮ್ 3" ಅಂದರೆ ಆರು ತಿಂಗಳ ನಂತರ ನಿಮಗೇ ಗೊತ್ತಾಗುವುದಿಲ್ಲ.

ಹೊರಗಿನ ಕ್ಯಾಮೆರಾಗಳು ದಿನವಿಡೀ ರೆಕಾರ್ಡ್ ಮಾಡಲಿ. ಅಲುಗಾಟ ಕಂಡಾಗ ಮಾತ್ರ ಅನ್ನುವ ಮೋಡ್‌ನಲ್ಲಿ ಡಿಸ್ಕ್ ಉಳಿಯುತ್ತದೆ, ಆದರೆ ಮಂದ ಬೆಳಕಲ್ಲಿ ನಿಧಾನ ನಡೆದವನು ತಪ್ಪಿಹೋಗಬಹುದು. ಆ ಮೋಡ್ ಒಳಗಿನ ರೂಮುಗಳಿಗೆ ಸಾಕು. ಮೊಬೈಲ್ ಅಲರ್ಟ್‌ಗೆ ಮನುಷ್ಯರನ್ನು ಗುರುತಿಸುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಬೇವಿನ ಟೊಂಗೆ, ಬೀದಿ ನಾಯಿ, ಹೋಗಿ ಬರುವ ಆಟೋ ಎಲ್ಲಕ್ಕೂ ಫೋನ್ ಕೂಗುತ್ತದೆ. ಮೂರನೇ ದಿನ ನೀವೇ ಬೇಸತ್ತು ಅಲರ್ಟ್ ಬಂದ್ ಮಾಡುತ್ತೀರಿ. ಡಿಸ್ಕ್ ಕೆಟ್ಟರೆ ಬರುವ ಅಲರ್ಟ್ ಮಾತ್ರ ತಪ್ಪದೆ ಆನ್ ಇಡಿ, ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳ ಅಲರ್ಟ್ ಅದೇ.

ಮೊಬೈಲ್‌ಗೆ ಜೋಡಿಸುವುದು

ರೌಟರ್‌ನಿಂದ ಡಿವಿಆರ್‌ಗೆ ತಂತಿ ಹಾಕಿ. ನೆಟ್‌ವರ್ಕ್ ಮೆನುವಿನಲ್ಲಿ ಪಿ2ಪಿ ಅಥವಾ ಕ್ಲೌಡ್ ಆನ್ ಮಾಡಿ. ಕಂಪನಿಯ ಆ್ಯಪ್ ಹಾಕಿಕೊಂಡು ಪರದೆ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಪೋರ್ಟ್ ಫಾರ್ವರ್ಡಿಂಗ್ ಮಾಡಿಕೊಡುತ್ತೇನೆ ಅಂದವರಿಗೆ ಬೇಡ ಅನ್ನಿ. ಅದು ನಿಮ್ಮ ಡಿವಿಆರ್ ಅನ್ನು ಇಡೀ ಇಂಟರ್‌ನೆಟ್‌ಗೆ ಬಾಗಿಲು ತೆರೆದು ಕೂರಿಸುತ್ತದೆ. ಕ್ಯೂಆರ್ ಕೋಡ್ ಫೋಟೊ ಯಾರ ವಾಟ್ಸ್‌ಆ್ಯಪ್‌ಗೂ ಹೋಗಬಾರದು.

ರಾತ್ರಿ ಒಂದು ಸುತ್ತು

ಕೆಲಸ ಮುಗಿದ ದಿನ ರಾತ್ರಿ ಹತ್ತರ ನಂತರ ಮನೆಯ ಯಾರಾದರೂ ಗೇಟು ದಾಟಿ, ಅಂಗಳ ಸುತ್ತಿ, ಮೆಟ್ಟಿಲು ಹತ್ತಿ ಬರಲಿ. ಒಮ್ಮೆ ನಿಧಾನ, ಒಮ್ಮೆ ಓಡುತ್ತಾ. ಲೈವ್ ನೋಡಬೇಡಿ. ಹತ್ತು ನಿಮಿಷ ಬಿಟ್ಟು ಪ್ಲೇಬ್ಯಾಕ್‌ಗೆ ಹೋಗಿ ಆ ಟೈಮ್ ತೆಗೆಯಿರಿ. ಮುಖದ ಮೇಲೆ ನಿಲ್ಲಿಸಿ. ಅವರನ್ನು ಕಂಡಿಲ್ಲದ ಒಬ್ಬರಿಗೆ ತೋರಿಸಿದರೆ ಗುರುತು ಹಿಡಿಯುವಷ್ಟು ಸ್ಪಷ್ಟ ಇದೆಯಾ? ಮುಖ ಬಿಳಿಚಿಕೊಂಡಿದ್ದರೆ ಐಆರ್ ಜಾಸ್ತಿ ಬೀಳುತ್ತಿದೆ, ಮೆನುವಿನಲ್ಲಿ ಸ್ಮಾರ್ಟ್ ಐಆರ್ ಆನ್ ಮಾಡಿ. ಪಕ್ಕದ ಸುಣ್ಣದ ಗೋಡೆ ಚಿತ್ರದ ಅರ್ಧ ತುಂಬಿದ್ದರೆ ಕ್ಯಾಮೆರಾ ಸ್ವಲ್ಪ ತಿರುಗಿಸಿ, ಗೋಡೆಯ ಹೊಳಪಿಗೆ ಉಳಿದದ್ದೆಲ್ಲ ಕತ್ತಲಾಗುತ್ತದೆ. ಗೇಟಿನ ಬಳಿ ರಾತ್ರಿಯಿಡೀ ಉರಿಯುವ 9 ವ್ಯಾಟ್ ಎಲ್‌ಇಡಿ ಬಲ್ಬ್ ಒಂದು ಹಾಕಿದರೆ ಎಂಥ ದುಬಾರಿ ಕ್ಯಾಮೆರಾಕ್ಕಿಂತ ಜಾಸ್ತಿ ಲಾಭ.

ಇನ್ನೊಂದು ಪೀಡೆ ಜೇಡ. ರಾತ್ರಿ ಕ್ಯಾಮೆರಾದ ಬಳಿ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸಿನ ಮುಂದೆಯೇ ಬಲೆ ನೇಯುತ್ತದೆ. ಹಗಲು ಆ ಎಳೆ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಅದೇ ಎಳೆ ಪರದೆ ಮೇಲೆ ಬೆಳ್ಳನೆ ಹಗ್ಗದಂತೆ ತೂಗಾಡುತ್ತಿರುತ್ತದೆ. ತಿಂಗಳಿಗೊಮ್ಮೆ ಉದ್ದ ಕೋಲಿಗೆ ಮೆತ್ತನೆ ಬಟ್ಟೆ ಕಟ್ಟಿ ಒರೆಸಿ. ಬೇಸಿಗೆಯಲ್ಲಿ ದೂಳಿಗಾಗಿ ಎರಡು ಸಲ.

ಪಕ್ಕದ ಮನೆ

"ಅಣ್ಣಾರ, ನಿಮ್ಮ ಕ್ಯಾಮೆರಾ ನಮ್ಮ ಅಂಗಳಾನೇ ನೋಡ್ಲಾಕತ್ತದಲ್ರೀ" ಅಂತ ಪಕ್ಕದವರು ಹೇಳುವ ಮುಂಚೆ ನೀವೇ ಕರೆದು ಪರದೆ ತೋರಿಸಿ. ಮೆನುವಿನಲ್ಲಿ ಪ್ರೈವಸಿ ಮಾಸ್ಕ್ ಅಂತ ಇರುತ್ತದೆ. ಅವರ ಕಿಟಕಿ, ಬಚ್ಚಲು ಇರುವ ಭಾಗದ ಮೇಲೆ ಕಪ್ಪು ಚೌಕ ಎಳೆದರೆ ಆ ಜಾಗ ರೆಕಾರ್ಡ್ ಆಗುವುದೇ ಇಲ್ಲ. ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಹೆಣ್ಣುಮಕ್ಕಳ ಖಾಸಗಿ ಕ್ಷಣ ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂನಲ್ಲಿ ಅಪರಾಧ. ಬಾಡಿಗೆದಾರರಿದ್ದರೆ ಅವರ ಬಾಗಿಲಿಗೆ ಕ್ಯಾಮೆರಾ ಹೊರಳಿಸುವ ಮುಂಚೆ ಅವರನ್ನು ಕೇಳಿ.

ಕಳ್ಳತನ ಆಗಿದ್ದರೆ

112ಕ್ಕೆ ಫೋನ್ ಮಾಡಿ. ಒಳಗೆ ಏನನ್ನೂ ಮುಟ್ಟಬೇಡಿ. ಡಿವಿಆರ್ ಉಳಿದಿದ್ದರೆ ಆ ದಿನವೇ ಪೆನ್ ಡ್ರೈವ್‌ಗೆ ಬ್ಯಾಕಪ್ ತೆಗೆಯಿರಿ, ಏಕೆಂದರೆ ಓವರ್‌ರೈಟ್ ನಿಮಗಾಗಿ ಕಾಯುವುದಿಲ್ಲ. ಹೆಚ್ಚಿನ ಡಿವಿಆರ್‌ಗಳಿಗೆ ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವ್ ಬೇಕು. ಇದನ್ನು ಈಗಲೇ ಒಮ್ಮೆ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಘಟನೆಯ ಅರ್ಧ ಗಂಟೆ ಮುಂಚಿನಿಂದ ಅರ್ಧ ಗಂಟೆ ನಂತರದವರೆಗೆ, ಎಲ್ಲ ಕ್ಯಾಮೆರಾದ್ದೂ ತೆಗೆಯಿರಿ. ಕಳ್ಳ ಹಿಂದಿನ ದಿನ ಒಮ್ಮೆ ಬಂದು ನೋಡಿ ಹೋಗಿರುವುದೂ ಉಂಟು, ಗೇಟಿನ ಕ್ಯಾಮೆರಾದ ಒಂದೆರಡು ದಿನದ ಹಗಲಿನದೂ ನೋಡಿ. ಪರದೆಯನ್ನು ಮೊಬೈಲ್‌ನಲ್ಲಿ ಶೂಟ್ ಮಾಡಿದ್ದು ವಾಟ್ಸ್‌ಆ್ಯಪ್‌ನಲ್ಲಿ ಓಣಿಗೆ ಹಂಚಲು ಸರಿ, ಸಾಕ್ಷ್ಯಕ್ಕೆ ಸಾಲದು. ಕಾಣುವ ಮುಖವನ್ನು ಕಳ್ಳ ಅಂತ ನೀವೇ ಬರೆದು ಹಂಚಬೇಡಿ.

ಡಿಜಿಟಲ್ ರೆಕಾರ್ಡಿಂಗ್‌ನ ಕಾಪಿ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಇದು ಜಾರಿಯಲ್ಲಿದೆ, ಮುಂಚೆ ಇದೇ ಕೆಲಸಕ್ಕೆ ಹಳೇ ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಅನ್ನುತ್ತಿದ್ದರು. ಎರಡು ಭಾಗದ ನಮೂನೆ ಅದು. ಒಂದನ್ನು ರೆಕಾರ್ಡಿಂಗ್ ಕೊಡುವವರು ತುಂಬುತ್ತಾರೆ, ಇನ್ನೊಂದನ್ನು ತಜ್ಞರು. ಫೈಲಿನ ಹ್ಯಾಶ್ ಸಂಖ್ಯೆಯೂ ಅದರಲ್ಲಿ ಬರಬೇಕು. ಫೈಲಿನಲ್ಲಿ ಒಂದು ಚೂರು ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಬ್ಯಾಕಪ್ ಫೈಲನ್ನು ಕತ್ತರಿಸಬೇಡಿ, ಹಾಡು ಹಾಕಬೇಡಿ, ವೃತ್ತ ಎಳೆಯಬೇಡಿ. ಪೊಲೀಸರು ಡಿವಿಆರ್ ಅನ್ನೇ ಒಯ್ದರೆ ಪಂಚನಾಮೆಯಲ್ಲಿ ಅದರ ಮತ್ತು ಡಿಸ್ಕಿನ ಸೀರಿಯಲ್ ನಂಬರ್ ಬರೆಸಿ, ಒಂದು ಪ್ರತಿ ಕೇಳಿ ಪಡೆಯಿರಿ. ಆ ನಂಬರುಗಳ ಫೋಟೊ ಇವತ್ತೇ ತೆಗೆದು ಫೋನಿನಲ್ಲಿ ಇಟ್ಟುಕೊಂಡಿರಿ, ಪೆಟ್ಟಿಗೆಗೆ ಬೀಗ ಹಾಕುವ ಮುಂಚೆ.